ಹಿಂಗಾಲು ನೋಡಿ, ಹೊಡೆತ ತಿಳಿಯಿರಿ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಮಕ್ಕಳಿಗೆ ಅದು ಚಿಣ್ಣಿದಾಂಡು, ಮರಾಠಿ ಗೆಳೆಯರಿಗೆ ವಿಟಿದಾಂಡು. ಚೂಪು ತುದಿಗೆ ದಾಂಡು ತಾಗಿದೊಡನೆ ಚಿಣ್ಣಿ ಮೇಲಕ್ಕೆ ಪುಟಿಯುತ್ತದೆ. ನೆಲ ಮುಟ್ಟುವ ಮೊದಲೇ ಅದಕ್ಕೆ ಎರಡನೆಯ ಏಟು ಬೀಳಬೇಕು. ಆ ಗಳಿಗೆಯಲ್ಲಿ ಚಿಣ್ಣಿಯ ಬೆನ್ನು ಹತ್ತಬೇಡಿ, ಆಡುವ ಹುಡುಗನ ಸೊಂಟ ನೋಡಿ. ಒಬ್ಬ ಮೈಭಾರವನ್ನು ಮುಂಗಾಲಿಗೆ ದಾಟಿಸಿ ನೇರಕ್ಕೆ ಹೊಡೆಯುತ್ತಾನೆ. ಇನ್ನೊಬ್ಬ ನಿಂತಲ್ಲೇ ಬುಗುರಿಯಂತೆ ತಿರುಗಿ ಬೀಸುತ್ತಾನೆ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಇವೆರಡೂ ಸಂಗೀತದ ಘರಾಣೆಗಳ ಹಾಗೆ ಬೆಳೆದಿವೆ. 1941ರಲ್ಲಿ 0.406 ಬ್ಯಾಟಿಂಗ್ ಸರಾಸರಿ ಗಳಿಸಿದ ಟೆಡ್ ವಿಲಿಯಮ್ಸ್ ತಿರುಗುವ ಘರಾಣೆಯ ಗುರು. ಸೊಂಟ ಮೊದಲು ತಿರುಗಲಿ, ಕೈ ಹಿಂಬಾಲಿಸಲಿ. ಚೆಂಡು ಇಳಿದು ಬರುವುದರಿಂದ ಬೀಸು ತುಸು ಮೇಲ್ಮುಖವಾಗಿರಲಿ ಎಂಬುದು ಅವರ ಪಾಠ. ನೇರಕ್ಕೆ ಹೊಡೆಯುವ ಘರಾಣೆಯ ಗುರು ಚಾರ್ಲಿ ಲಾವ್ ಮೈಭಾರ ಮುಂದೆ ಸಾಗಿಸಿ, ಬ್ಯಾಟನ್ನು ಚೆಂಡಿನ ದಾರಿಯಲ್ಲೇ ಹೆಚ್ಚು ಹೊತ್ತು ಇರಿಸಲು ಕಲಿಸಿದರು. ಅವರ ಶಿಷ್ಯ ಜಾರ್ಜ್ ಬ್ರೆಟ್ 1980ರಲ್ಲಿ 0.390 ಮುಟ್ಟಿದರು.

ಹೊಸಬರು ಮೂರು ಗುರುತು ನೆನಪಿಡಿ.

ಹಿಂಗಾಲು: ತಿರುಗುವವನ ಹಿಮ್ಮಡಿ ಎದ್ದು, ಪಾದ ಬೆರಳಿನ ಮೇಲೆ ಹೊರಳುತ್ತದೆ. ನೇರ ಹೊಡೆಯುವವನ ಹಿಂಗಾಲು ಭಾರ ಕಳೆದುಕೊಂಡು ಹಗುರಾಗುತ್ತದೆ.

ತಲೆ: ತಿರುಗುವವನ ತಲೆ ಇದ್ದಲ್ಲೇ ನಿಲ್ಲುತ್ತದೆ, ನೇರದವನದು ಮೈಯೊಂದಿಗೆ ಮುಂದೆ ಸರಿಯುತ್ತದೆ.

ಫಲ: ತಿರುವಿನಲ್ಲಿ ದೂರ ಹೆಚ್ಚು. ನೇರದಲ್ಲಿ ಬೇಕಾದ ಸಂದಿಗೆ ಚೆಂಡು ಕಳಿಸುವ ಹಿಡಿತ ಹೆಚ್ಚು.

ಇವೆರಡನ್ನೂ ಒಂದೇ ಮೈಯಲ್ಲಿ ಕಾಣಬೇಕೆ? ನಮ್ಮ ಸಾಂಗಲಿಯಲ್ಲೇ ಬೆಳೆದ ಕ್ರಿಕೆಟ್ ಆಟಗಾರ್ತಿ ಸ್ಮೃತಿ ಮಂಧಾನಾ ಅವರ ಆಟ ನೋಡಿ. 2013ರಲ್ಲಿ, 19 ವರ್ಷದೊಳಗಿನವರ ಏಕದಿನ ಪಂದ್ಯದಲ್ಲಿ ಗುಜರಾತ್ ವಿರುದ್ಧ ಔಟಾಗದೆ 224 ರನ್ ಹೊಡೆದವರು ಅವರು. ಮುಂದೆ ಪುಟಿದ ಚೆಂಡಿಗೆ ಕವರ್ ಡ್ರೈವ್ ಮಾಡುವಾಗ, ಎಡಗೈ ಆಟಗಾರ್ತಿಯಾದ್ದರಿಂದ ಬಲಗಾಲು ಚೆಂಡಿನ ಹತ್ತಿರ ಹೋಗುತ್ತದೆ, ತಲೆ ಅದರ ಮೇಲೆ ಬಾಗುತ್ತದೆ. ಮೋಟು ಚೆಂಡು ಎದೆಮಟ್ಟಕ್ಕೆ ಎದ್ದರೆ ಭಾರ ಎಡಗಾಲಿಗೆ ಬಂದು, ಸೊಂಟ ಹೊರಳಿ, ಪುಲ್ ಹೊಡೆತ ಹುಟ್ಟುತ್ತದೆ. ಕ್ರಿಕೆಟ್‌ನಲ್ಲಿ ದಾರಿ ಆರಿಸುವುದು ಚೆಂಡು ಪುಟಿಯುವ ಜಾಗ.

ಯಾವುದು ಮೇಲು? ಒಳ್ಳೆಯ ಹೊಡೆತದಲ್ಲಿ ಎರಡೂ ಇರುತ್ತವೆ: ಹೆಜ್ಜೆ ಮುಂದಿಟ್ಟು ಕೂಡಿಸಿದ ಬಲವನ್ನು ಸೊಂಟ ತಿರುಗಿಸಿ ಬ್ಯಾಟಿಗೆ ದಾಟಿಸುವುದು. ಬೇರೆಯಾಗುವುದು ಪಾಲು ಮಾತ್ರ. ಊರ ಬಯಲಲ್ಲಿ ಆಟ ನಡೆದಿದ್ದರೆ ಹತ್ತು ಹೊಡೆತ ಚೆಂಡು ಮರೆತು, ಬರೀ ಹಿಂಗಾಲನ್ನು ನೋಡಿ. ಹನ್ನೊಂದನೆಯದರಿಂದ ಆಟ ಬೇರೆಯೇ ಕಾಣುತ್ತದೆ.