ಸಿಂಗರ್ ಜೊತೆ ಒಬ್ಬ ಕೆಥೊಲಿಕನ ಮಾತುಕತೆ

1999ರಲ್ಲಿ ಆಸ್ಟ್ರೇಲಿಯಾದ ತತ್ವಜ್ಞಾನಿ ಪೀಟರ್ ಸಿಂಗರ್ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದಾಗ ಗಾಲಿಕುರ್ಚಿಯಲ್ಲಿ ಓಡಾಡುವವರು ಪ್ರತಿಭಟನೆಗೆ ಇಳಿದರು. ತೀವ್ರ ಅಂಗವೈಕಲ್ಯದೊಂದಿಗೆ ಹುಟ್ಟಿದ ಶಿಶುವಿನ ಜೀವ ಕೊನೆಗಾಣಿಸುವ ಆಯ್ಕೆ ಹೆತ್ತವರಿಗೆ ಇರಬೇಕು ಎಂದು ವಾದಿಸಿದವರು ಸಿಂಗರ್. ವಿಶ್ವವಿದ್ಯಾಲಯದ ಟ್ರಸ್ಟಿಯಾಗಿದ್ದ ಸ್ಟೀವ್ ಫೋರ್ಬ್ಸ್, ಈತ ಇಲ್ಲಿ ಇರುವವರೆಗೆ ತಾನು ದೇಣಿಗೆ ಕೊಡುವುದಿಲ್ಲ ಎಂದುಬಿಟ್ಟರು. ಇಂಥವರ ಎದುರು ಕೂತು ಮಾತಾಡಲು ಒಬ್ಬ ಕೆಥೊಲಿಕ್ ನೀತಿಶಾಸ್ತ್ರಜ್ಞ ಮುಂದಾದದ್ದು ಸಣ್ಣ ಸಂಗತಿಯಲ್ಲ. ಚಾರ್ಲ್ಸ್ ಕಮೋಸಿ ಅವರ ‘ಪೀಟರ್ ಸಿಂಗರ್ ಆ್ಯಂಡ್ ಕ್ರಿಶ್ಚಿಯನ್ ಎಥಿಕ್ಸ್: ಬಿಯಾಂಡ್ ಪೋಲರೈಸೇಷನ್’ 2012ರಲ್ಲಿ ಕೇಂಬ್ರಿಡ್ಜ್‌ನಿಂದ ಬಂತು. ಗರ್ಭಪಾತ, ದಯಾಮರಣ, ಪ್ರಾಣಿಗಳು, ಬಡವರ ಹಕ್ಕು ಎಲ್ಲವನ್ನೂ ಎತ್ತಿಕೊಂಡು, ಒಟ್ಟು ಸುಖವನ್ನು ಹೆಚ್ಚಿಸುವುದೇ ಸರಿ ಎನ್ನುವ ಉಪಯುಕ್ತತಾವಾದಿ ಸಿಂಗರ್‌ಗೂ ಕೆಥೊಲಿಕ್ ಧರ್ಮಸಭೆಗೂ ಇರುವ ಅಂತರ ನಾವು ತಿಳಿದಷ್ಟು ದೊಡ್ಡದಲ್ಲ ಎಂದು ತೋರಿಸುವುದು ಅದರ ಗುರಿ.

ಎದುರಾಳಿಯ ವಾದವನ್ನು ಅದರ ಪೂರ್ಣ ಬಲದಲ್ಲಿ ಓದುವುದು ಕಮೋಸಿ ಅವರ ದೊಡ್ಡ ಗುಣ. ಗರ್ಭಪಾತದ ಅಧ್ಯಾಯದಲ್ಲೇ ಅದು ಕಾಣುತ್ತದೆ. ಹೆರಿಗೆಯ ಕ್ಷಣದಲ್ಲಿ ಮಗುವಿನ ನೈತಿಕ ಸ್ಥಾನ ಏನೂ ಬದಲಾಗುವುದಿಲ್ಲ ಎಂಬಲ್ಲಿ ಸಿಂಗರ್ ಮತ್ತು ಸಭೆ ಇಬ್ಬರೂ ಒಂದೇ ಕಡೆ ನಿಂತಿದ್ದಾರೆ ಎಂದು ಅವರು ತೋರಿಸುತ್ತಾರೆ. ಅಲ್ಲಿಂದ ಮುಂದೆ ಸಭೆ, ಹಾಗಾದರೆ ಭ್ರೂಣವನ್ನೂ ಕಾಪಾಡಬೇಕು ಎನ್ನುತ್ತದೆ. ಸಿಂಗರ್, ಹಾಗಾದರೆ ನವಜಾತ ಶಿಶುವಿಗೂ ಬದುಕುವ ಪೂರ್ಣ ಹಕ್ಕಿಲ್ಲ ಎನ್ನುತ್ತಾರೆ. ಸಿಂಗರ್ ಲೆಕ್ಕದಲ್ಲಿ ತನ್ನ ಇರವನ್ನು ತಾನೇ ಅರಿತು, ನಾಳೆಯೊಂದಿದೆ ಎಂದು ಬಲ್ಲ ಜೀವ ಮಾತ್ರ ‘ವ್ಯಕ್ತಿ’. ಭ್ರೂಣವೋ ಶಿಶುವೋ ಮುಂದೆ ಏನಾಗಬಲ್ಲದು ಎಂಬುದಕ್ಕೆ ಎಷ್ಟು ಬೆಲೆ ಕೊಡಬೇಕು ಎನ್ನುವ ಒಂದೇ ಒಂದು ಬಿಂದುವಿನಲ್ಲಿ ಭಿನ್ನಾಭಿಪ್ರಾಯ ಉಳಿದಿದೆ ಎಂಬ ಅರ್ಥದಲ್ಲಿ ಕಮೋಸಿ ಮಾತಾಡುತ್ತಾರೆ. ಇದನ್ನು ನಾನು ಒಪ್ಪಲಾರೆ. ಆ ಬಿಂದು ಸಣ್ಣದಾಗಿ ಕಾಣುವುದು ಕಾಗದದ ಮೇಲೆ ಮಾತ್ರ. ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಇಡೀ ಪ್ರಶ್ನೆ ನಿಂತಿರುವುದೇ ಅದರ ಮೇಲೆ.

ಆ ಪುಟಗಳನ್ನು ಓದುವಾಗ ಹ್ಯಾರಿಯಟ್ ಮೆಕ್‌ಬ್ರೈಡ್ ಜಾನ್ಸನ್ ಮತ್ತೆ ಮತ್ತೆ ನೆನಪಾದರು. ಅಮೆರಿಕದ ಚಾರ್ಲ್ಸ್‌ಟನ್‌ನ ವಕೀಲೆ, ಹುಟ್ಟಿನಿಂದ ಬಂದ ಸ್ನಾಯುಕ್ಷಯದಿಂದ ಮೈ ಬಾಗಿದ್ದವರು, ನಾಸ್ತಿಕರು. ತಮ್ಮಂತೆ ಅಂಗವೈಕಲ್ಯದೊಂದಿಗೆ ಹುಟ್ಟುವ ಶಿಶುಗಳ ಪರವಾಗಿ ವಾದಿಸಲು 2002ರಲ್ಲಿ ಪ್ರಿನ್ಸ್‌ಟನ್‌ಗೆ ಹೋಗಿ ಸಿಂಗರ್ ಎದುರು ನಿಂತರು. ಅಲ್ಲಿನ ಊಟದ ಹೊತ್ತಿನಲ್ಲಿ ಅವರ ಮೊಣಕೈ ಜಾರಿತು. ಪಕ್ಕದಲ್ಲಿ ಇದ್ದವರು ಸಿಂಗರ್. ಮಣಿಕಟ್ಟು ಹಿಡಿದು ಒಂದಿಂಚು ಮುಂದಕ್ಕೆ ಎಳೆಯಿರಿ ಎಂದು ಜಾನ್ಸನ್ ಕೇಳಿದರು, ಸಿಂಗರ್ ತಡಮಾಡದೆ ಎಳೆದರು. ಮರುವರ್ಷ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್‌ನಲ್ಲಿ ಜಾನ್ಸನ್ ಇದನ್ನೆಲ್ಲ ಬರೆದಾಗ ಸಿಂಗರ್ ಅವರನ್ನು ರಾಕ್ಷಸ ಎಂದು ಚಿತ್ರಿಸಲಿಲ್ಲ. ಆದರೆ ನನ್ನಂಥವರ ಬದುಕು ಕಡಿಮೆ ಸುಖದ್ದು ಎಂದು ನೀವು ಹೊರಗಿನಿಂದ ಹೇಗೆ ಅಳೆದಿರಿ ಎಂಬ ಅವರ ಪ್ರಶ್ನೆ ಕ್ರೈಸ್ತರು ಸಾಮಾನ್ಯವಾಗಿ ಎತ್ತುವ ಜೀವದ ಪಾವಿತ್ರ್ಯದ ವಾದಕ್ಕಿಂತ ಆಳಕ್ಕೆ ತಾಗುತ್ತದೆ. ದೇವರನ್ನು ಕರೆಯದೆ, ಉಪಯುಕ್ತತಾವಾದದ ಅಂಗಳದಲ್ಲೇ ನಿಂತು ಕೇಳಿದ ಪ್ರಶ್ನೆ ಅದು. ಸಭೆಯ ಪರ ವಾದಿಸುವವರು ಅವರಿಂದ ಕಲಿಯಬೇಕಾದದ್ದು ಬಹಳ ಇದೆ.

ಪ್ರಾಣಿಗಳ ಅಧ್ಯಾಯ ಚೆನ್ನಾಗಿದೆ. ಕಾರ್ಖಾನೆಯಂಥ ಪಶುಸಾಕಣೆಯನ್ನು ಸಿಂಗರ್ ಮತ್ತು ಸಭೆ ಇಬ್ಬರೂ ಖಂಡಿಸಬಲ್ಲರು ಎಂಬುದನ್ನು ಒಪ್ಪಲು ಹೆಚ್ಚು ವಾದ ಬೇಕಿಲ್ಲ.

ಪುಸ್ತಕದ ನಿಜವಾದ ಸತ್ವ ಇರುವುದು ಬಡವರ ಕುರಿತ ಭಾಗದಲ್ಲಿ. ಸಿಂಗರ್‌ಗೆ ಹೆಸರು ತಂದ ಪ್ರಬಂಧ ಹುಟ್ಟಿದ್ದು 1971ರ ನವೆಂಬರಿನಲ್ಲಿ, ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ನಮ್ಮ ಗಡಿ ದಾಟಿ ಬರುತ್ತಿದ್ದಾಗ. ಆಸ್ಟ್ರೇಲಿಯಾ ಕೊಟ್ಟ ನೆರವು ಸಿಡ್ನಿಯ ಹೊಸ ಆಪೆರಾ ಹೌಸಿಗೆ ತಗುಲಿದ ಖರ್ಚಿನ ಹನ್ನೆರಡನೇ ಒಂದು ಭಾಗವೂ ಅಲ್ಲ ಎಂದು ಅವರು ಲೆಕ್ಕ ಕೊಟ್ಟರು. ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಬಟ್ಟೆ ಕೆಸರಾದರೂ ಎತ್ತುತ್ತೇವೆ, ಹಾಗಾದರೆ ದೂರದ ಮಗುವಿಗೆ ಏಕೆ ಇಲ್ಲ ಎಂದು ಕೇಳಿದರು. ಇದು ವಿಚಿತ್ರ ಮಾತೇನಲ್ಲ ಎಂದು ತೋರಿಸಲು ಈ ನಾಸ್ತಿಕ ಕರೆತಂದ ಸಾಕ್ಷಿ 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್! ಉಳ್ಳವನ ಬಳಿ ಮಿಗುವುದು ನ್ಯಾಯವಾಗಿ ಬಡವರದೇ ಎಂದ ಸಂತ ಅವರು. ಸಭೆಯ ಬೋಧನೆಯನ್ನು ಸಭೆಗೇ ನೆನಪಿಸಿದವರು ಸಿಂಗರ್, ಅದಕ್ಕೆ ಕ್ರೈಸ್ತರು ಅವರಿಗೆ ಋಣಿಗಳಾಗಿರಬೇಕು.

ಆದರೂ ಕೊಳದ ಮಗು ಮತ್ತು ಲೂಕನ ಸುವಾರ್ತೆಯ ಸಮಾರ್ಯದವನ ಕಥೆ ಒಂದೇ ಅಲ್ಲ. ಸಮಾರ್ಯದವನು ದಾರಿಯಲ್ಲಿ ಬಿದ್ದ ಗಾಯಾಳುವನ್ನು ಛತ್ರಕ್ಕೆ ಒಯ್ದು, ಎರಡು ನಾಣ್ಯ ಕೊಟ್ಟು, ಹೆಚ್ಚಾದರೆ ಹಿಂದಿರುಗುವಾಗ ತೀರಿಸುತ್ತೇನೆ ಎಂದು ಹೇಳಿ ಹೋಗುತ್ತಾನೆ. ಅದೇ ಎರಡು ನಾಣ್ಯದಿಂದ ಬೇರೆಡೆ ಐವರನ್ನು ಉಳಿಸಬಹುದಿತ್ತಲ್ಲ ಎಂದು ಸಿಂಗರ್ ಶಿಷ್ಯರು ಕೇಳಿದರೆ ಅದು ಕಲ್ಲೆದೆಯ ಪ್ರಶ್ನೆಯಲ್ಲ. ಆ ಐವರೂ ಮನುಷ್ಯರೇ. ಆದರೆ ಕಥೆಯಲ್ಲಿ ಆ ಗಾಯಾಳುವಿನ ಬದಲಿಗೆ ಇನ್ನೊಬ್ಬನನ್ನು ಇಡಲು ಬರುವುದಿಲ್ಲ. ಅವನು ಎಷ್ಟು ಸುಖವನ್ನು ಹೊರಬಲ್ಲ ಎಂದು ಯಾರೂ ಕೇಳುವುದಿಲ್ಲ. ಸಿಂಗರ್ ಮತ್ತು ಸಭೆ ಇಬ್ಬರೂ ಬಡವನಿಗೆ ಕೊಡು ಎನ್ನುವುದನ್ನು ಎತ್ತಿ ಹಿಡಿಯುವ ಉತ್ಸಾಹದಲ್ಲಿ ಕಮೋಸಿ ಈ ವ್ಯತ್ಯಾಸಕ್ಕೆ ಸಾಕಷ್ಟು ಜಾಗ ಕೊಟ್ಟಿಲ್ಲ ಎಂದು ನನಗನ್ನಿಸುತ್ತದೆ.

ಕೊಡಲು ಧಾರಾಳವಾಗಿ ಇರುವವರೆಗೆ ಈ ವ್ಯತ್ಯಾಸ ಹೊರಗೆ ಕಾಣುವುದಿಲ್ಲ. ಕೊರತೆ ಬಿದ್ದಾಗ ಕಾಣುತ್ತದೆ. 2009ರಲ್ಲಿ ಅದೇ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್‌ನಲ್ಲಿ ಸಿಂಗರ್, ಚಿಕಿತ್ಸೆಯನ್ನು ರೇಷನ್ ಮಾಡಲೇಬೇಕು ಎಂದು ವಾದಿಸಿದರು. ಅದಕ್ಕೆ ಅವರು ಸೂಚಿಸಿದ ಅಳತೆ, ಬದುಕಿನ ಗುಣಮಟ್ಟಕ್ಕೆ ತಕ್ಕಂತೆ ಆಯುಷ್ಯದ ವರ್ಷಗಳನ್ನು ಎಣಿಸುವುದು. ಆ ಅಳತೆಯಲ್ಲಿ ಕೈಕಾಲು ಸ್ವಾಧೀನವಿಲ್ಲದವನ ಒಂದು ವರ್ಷ, ಓಡಾಡುವವನ ಒಂದು ವರ್ಷಕ್ಕೆ ಸಮನಾಗದು. 2008ರಲ್ಲಿ ತೀರಿಕೊಂಡ ಜಾನ್ಸನ್ ಅವರ ಪ್ರತಿ ವರ್ಷವನ್ನೂ ಅದು ಕಡಿತ ಮಾಡಿಯೇ ಲೆಕ್ಕಕ್ಕೆ ಹಿಡಿಯುತ್ತಿತ್ತು. ಬಡವರ ವಿಷಯದಲ್ಲಿ ಜೊತೆಯಾದ ಸಿಂಗರ್ ಮತ್ತು ಸಭೆ ಆ ಅಳತೆಯ ಮುಂದೆ ಬೇರೆಯಾಗಲೇಬೇಕು, ಮತ್ತು ಅಲ್ಲಿ ನಾನು ಸಮಾರ್ಯದವನ ಕಡೆ.