ಸರಸ್ವತಿಯ ನಕ್ಷೆ

ಮೀನ ರಾಶಿಯ ದಿಕ್ಕಿನಲ್ಲಿ, ಸುಮಾರು 400 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಗೆಲಾಕ್ಸಿಗಳ ದೊಡ್ಡದೊಂದು ಗೋಡೆಯಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಳಕು ಹೋಗಲು 60 ಕೋಟಿ ವರ್ಷ ಬೇಕು. 2017ರಲ್ಲಿ ಇದನ್ನು ಗುರುತಿಸಿ ‘ಸರಸ್ವತಿ’ ಎಂದು ಹೆಸರಿಟ್ಟವರು ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯೂಕಾ ಮತ್ತು ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆ ಐಸರ್‌ನ ವಿಜ್ಞಾನಿಗಳು. ಮುಂಚೂಣಿಯಲ್ಲಿದ್ದವರು ಜಯದೀಪ್ ಬಾಗ್ಚಿ. ಆ ಅಯೂಕಾವನ್ನು ಕಟ್ಟಿದ ಜಯಂತ ನಾರ್ಳೀಕರರು ಅದಕ್ಕೂ ಮೊದಲು ಮುಂಬಯಿಯ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದರು. ಹಾಗಾಗಿ ಈ ಗೋಡೆಯ ನಕ್ಷೆಯಲ್ಲಿ ನಮ್ಮ ಮುಂಬಯಿಗೂ ಒಂದು ಪಾಲಿದೆ ಎಂದೇ ನಾನು ನಂಬಿದ್ದೇನೆ.

ನನ್ನನ್ನು ಹೆಚ್ಚು ಸೆಳೆಯುವುದು ನಕ್ಷೆಯ ಹಿಂದಿನ ಕೈಕೆಲಸ. ಮಾಹಿತಿ ಬಂದದ್ದು ಅಮೆರಿಕದ ಸ್ಲೋನ್ ಆಕಾಶ ಸಮೀಕ್ಷೆಯಿಂದ. ಅಲ್ಲಿ ಅಲ್ಯೂಮಿನಿಯಂ ತಟ್ಟೆಗಳಲ್ಲಿ, ಪ್ರತಿಯೊಂದು ಗೆಲಾಕ್ಸಿಯ ಸ್ಥಾನಕ್ಕೆ ಸರಿಯಾಗಿ ನೂರಾರು ತೂತು ಕೊರೆಯುತ್ತಿದ್ದರು. ಒಂದೊಂದು ತೂತಿಗೂ ಗಾಜಿನ ಎಳೆಯನ್ನು ಕೈಯಿಂದಲೇ ಸಿಕ್ಕಿಸುತ್ತಿದ್ದರು! ಎಳೆಯಲ್ಲಿ ಇಳಿದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅದು ಕೆಂಪಿನತ್ತ ಎಷ್ಟು ಸರಿದಿದೆ ಎಂದು ಅಳೆದರೆ ದೂರ ಸಿಗುತ್ತದೆ. ಹೀಗೆ ಚುಕ್ಕಿಯಿಟ್ಟಂತೆ ಒಂದೊಂದೇ ಗೆಲಾಕ್ಸಿ ನಕ್ಷೆಗೆ ಸೇರಿತು. ಕೊನೆಗೆ ಕನಿಷ್ಠ 43 ಗೆಲಾಕ್ಸಿ ಗುಚ್ಛಗಳ ಹಬ್ಬುಗೆ ಎದ್ದು ಕಂಡಿತು. ನಮ್ಮ ಕಾಲದ ಅತಿ ಸೂಕ್ಷ್ಮ ಕುಸುರಿ ಇದು.

ಮುಂಬಯಿಯ ದೀಪಗಳ ನಡುವೆ ಮೀನ ರಾಶಿಯ ಮಂದ ತಾರೆಗಳು ಕಾಣುವುದು ಕಷ್ಟ. ಆದರೆ ವರ್ಲಿಯ ನೆಹರೂ ತಾರಾಲಯ 1977ರಿಂದ ನಮ್ಮ ನಡುವೆಯೇ ಇದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ, ಸರಸ್ವತಿಯ ಕತೆ ಹೇಳಿ.