ಧ್ವನಿಮುದ್ರಿಕೆಗಳ ಪುನಃಪ್ರಕಟನೆಯೂ ಪಾಠಶುದ್ಧಿಯೂ

ಸಂಗೀತರಸಿಕರಲ್ಲಿ ಎರಡು ಪಕ್ಷಗಳುಂಟು. ಗಾಯಕನ ಎದುರಿನಲ್ಲಿ ಕುಳಿತು ಕೇಳಿದುದೇ ಸಂಗೀತ, ಯಂತ್ರದಿಂದ ಬಂದುದು ಅದರ ನೆರಳು ಎಂಬುದು ಒಂದು ಪಕ್ಷ. ಕಾಲವಶರಾದ ಮಹನೀಯರ ಕಂಠವನ್ನು ಮುದ್ರಿಕೆಯಲ್ಲದೆ ಇನ್ನಾವುದು ಉಳಿಸಿಕೊಟ್ಟೀತು ಎಂಬುದು ಇನ್ನೊಂದು ಪಕ್ಷ. ಅಮೆರಿಕದ ಜಾಝ್, ರಾಕ್ ಸಂಗೀತಗಳ ಅಭಿಮಾನಿಗಳಲ್ಲಿ ಈ ವಾದವು ಹೇಗೆ ಪ್ರಬಲವೋ ಧಾರವಾಡ, ಹುಬ್ಬಳ್ಳಿ, ಕಲಬುರಗಿಗಳ ಹಿಂದುಸ್ಥಾನೀ ಸಂಗೀತದ ಕೇಳುಗರಲ್ಲಿಯೂ ಹಾಗೆಯೇ ಪ್ರಬಲವಾಗಿದೆ. ಇದರ ನಡುವೆ ಮೂರನೆಯ ಒಂದು ವಿಷಯವು ವಿಚಾರಕ್ಕೆ ಬಾರದೆ ಉಳಿಯುತ್ತದೆ. ಅದಾವುದೆಂದರೆ, ಹಳೆಯ ಮುದ್ರಿಕೆಗಳ ಪುನಃಪ್ರಕಟನೆ. ಇಂದಿನ ಕೇಳುಗನಿಗೆ ಸಾಮಾನ್ಯವಾಗಿ ದೊರೆಯುವುದು ಮೂಲದ ಅರಗಿನ ತಟ್ಟೆಯಲ್ಲ. ಅದರಿಂದ ಮತ್ತೊಬ್ಬರು ತೆಗೆದು, ತೊಳೆದು, ತಿದ್ದಿ ಹೊರಡಿಸಿದ ಪ್ರತಿ. ಓಲೆಯ ಕಾವ್ಯವನ್ನು ಅಚ್ಚಿಗೆ ತರುವವನಿಗೆ ಯಾವ ಹೊಣೆಯುಂಟೋ ಆ ಹೊಣೆಯೇ ಈ ಪ್ರಕಾಶಕನಿಗೂ ಉಂಟೆಂಬುದು ಇಲ್ಲಿಯ ಪ್ರತಿಪಾದ್ಯ ವಿಷಯ.

ಈ ವಿಚಾರಕ್ಕೆ ಬೇಕಾದ ಅಳತೆಗೋಲೊಂದು ಕಲಬುರಗಿಯ ಪರಂಪರೆಯಲ್ಲಿಯೇ ದೊರೆಯುತ್ತದೆ. ೧೪೨೨ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜ್ ಗೇಸೂದರಾಜರು ಚಿಶ್ತೀ ಪಂಥದವರು. ಗಾನಶ್ರವಣವನ್ನು ಭಗವತ್ಸ್ಮರಣೆಯ ಸಾಧನವೆಂದು ಒಪ್ಪಿದ ಪಂಥವದು. ಅವರ ದರ್ಗಾದ ಉರುಸಿನಲ್ಲಿ ಕವ್ವಾಲಿಯನ್ನು ಕೇಳಿದ ಮೋಮಿನಪುರದಂತಹ ಬಡಾವಣೆಯ ಕೇಳುಗನಿಗೆ, ಅದೇ ಹಾಡು ಅಂಗಡಿಯ ಯಂತ್ರದಿಂದ ಕೇಳಿಬಂದಾಗ ಏನು ಕಡಮೆಯಾಯಿತೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸೂಫೀ ಶಾಸ್ತ್ರವು ಆ ಕೊರತೆಯ ಸ್ವರೂಪವನ್ನು ಹೆಸರಿಸಿ ಹೇಳಿದೆ. 'ಸಮಾ' ಎನಿಸಿಕೊಳ್ಳುವ ಈ ಶ್ರವಣಕ್ಕೆ ಕಾಲ, ಸ್ಥಳ, ಸಂಗಡಿಗರು ಎಂಬ ಮೂರು ಅಂಗಗಳು ಕೂಡಿಬರಬೇಕೆಂಬುದು ಜುನೈದರ ಮತವೆಂದು ಇಮಾಮ್ ಗಜಾಲಿಯವರು ಉದಾಹರಿಸಿರುವರು. ನಮ್ಮ ಆಲಂಕಾರಿಕರು ಸಹೃದಯನೆಂದು ಕರೆದವನು ಈ ಮೂರನೆಯ ಅಂಗದಲ್ಲಿ ಸೇರುತ್ತಾನೆ. ಧ್ವನಿಮುದ್ರಿಕೆಯು ಸಂಗೀತವನ್ನು ಈ ಮೂರರಿಂದಲೂ ಬೇರ್ಪಡಿಸುತ್ತದೆ. ಬೈಠಕಿನ ಪಕ್ಷದವರ ಮಾತು ಇಷ್ಟರಮಟ್ಟಿಗೆ ನಿಜ.

ಆದರೆ ಇಷ್ಟರಿಂದಲೇ ಮುದ್ರಿಕೆಯು ಬೈಠಕಿನ ಕುಂಟು ನಕಲೆಂದು ತೀರ್ಮಾನಿಸುವುದು ಯುಕ್ತವಲ್ಲ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಕ್ಕೆ ತುಸು ಹೆಚ್ಚಿನ ಅವಕಾಶವಿದ್ದಿತು. ಖಾನ್ ಸಾಹೇಬ್ ಅಬ್ದುಲ್ ಕರೀಂಖಾನರು ೧೯೩೦ರ ದಶಕದಲ್ಲಿ ಹಾಡಿದ ಮುದ್ರಿಕೆಗಳನ್ನು ಗಮನಿಸಿದರೆ, ದೀರ್ಘವಾದ ಆಲಾಪನೆಯಿಂದ ಮೂರು ನಿಮಿಷವನ್ನು ಕತ್ತರಿಸಿಕೊಟ್ಟಂತೆ ಅವು ತೋರುವುದಿಲ್ಲ. ಉಪಕ್ರಮ, ವಿಸ್ತಾರ, ಉಪಸಂಹಾರಗಳು ಆ ಅಲ್ಪಾವಕಾಶದಲ್ಲಿಯೇ ಸಮನಿಸಿವೆ. ಮಹಾಕಾವ್ಯಕ್ಕೂ ಮುಕ್ತಕಕ್ಕೂ ಇರುವ ಸಂಬಂಧವೇ ಬೈಠಕಿಗೂ ಮುದ್ರಿಕೆಗೂ ಇದೆ. ಮುಕ್ತಕವನ್ನು ಮಹಾಕಾವ್ಯದ ಹರಿದ ಹಾಳೆಯೆಂದು ಯಾವ ವಿಮರ್ಶಕನೂ ಹೇಳನು. ೧೯೧೭ರಲ್ಲಿ ಮೊದಲ ತಟ್ಟೆ ಹೊರಬಂದಂದಿನಿಂದ ಜಾಝ್ ವಾದಕರೂ ಇದೇ ಮಿತಿಯೊಳಗೆ ದುಡಿದು ತಮ್ಮದೇ ಆದ ಒಂದು ಸಂಕ್ಷೇಪಕಲೆಯನ್ನು ಬೆಳೆಯಿಸಿದರು. ಹೀಗೆ ಮುದ್ರಿಕೆಯು ಸ್ವತಂತ್ರ ಕೃತಿಯಾದ ಮೇಲೆ, ಅದರ ಪಾಠವನ್ನು ಶುದ್ಧವಾಗಿ ಕಾಪಾಡಬೇಕೆಂಬುದು ತಾನಾಗಿಯೇ ಸಿದ್ಧಿಸುತ್ತದೆ.

ಪಾಠವೆಂದರೆ ಹಾಡಿನ ಸ್ವರಗಳಷ್ಟೇ ಅಲ್ಲ. ೧೯೦೨ರಲ್ಲಿ ಕಲಕತ್ತೆಯಲ್ಲಿ ಮೊದಲಬಾರಿಗೆ ಮುದ್ರಣಕ್ಕೆ ಹಾಡಿದ ಗೌಹರ್ ಜಾನಳು ತನ್ನ ಅನೇಕ ಮುದ್ರಿಕೆಗಳ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಾಳೆ. ಆಗ ತಟ್ಟೆಗಳು ಸಿದ್ಧವಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕುಶಲಿಗಳಿಗೆ ಈ ದೇಶದ ಗಾಯಕರ ಗುರುತು ಸಿಕ್ಕಲೆಂದು ಈ ಘೋಷಣೆಯ ಪದ್ಧತಿ ಬಂದಿತು. ಲಿಪಿಕಾರನು ಓಲೆಯ ಕೊನೆಯಲ್ಲಿ ಬರೆಯುವ ಪುಷ್ಪಿಕೆಗೂ ಇದಕ್ಕೂ ಏನೂ ಭೇದವಿಲ್ಲ. ಕೃತಿಯು ಎಲ್ಲಿ ಹುಟ್ಟಿತು, ಯಾರ ಕೈದಾಟಿ ಬಂದಿತು ಎಂಬುದಕ್ಕೆ ಎರಡೂ ಸಾಕ್ಷಿಗಳು. ಆ ಘೋಷಣೆಯು ರಸಭಂಗಕಾರಿಯೆಂದು ಪುನಃಪ್ರಕಟನೆಯಲ್ಲಿ ಕತ್ತರಿಸಿಹಾಕುವುದು ಪುಷ್ಪಿಕೆಯನ್ನು ಹರಿದು ಎಸೆದಂತೆಯೇ ಸರಿ. ೧೯೨೮ರಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು ೧೯೩೦ರಲ್ಲಿ ಅದೇ ನಗರದಲ್ಲಿ ತೀರಿಕೊಂಡ ಆ ಗಾಯಕಿಯು ತನ್ನ ಹೆಸರನ್ನು ತಾನೇ ಹೇಳಿಕೊಂಡ ದನಿ ಕನ್ನಡಿಗರಿಗೂ ಅಮೂಲ್ಯವಾದುದು.

ಇದಕ್ಕಿಂತ ಸೂಕ್ಷ್ಮವಾದುದು ವೇಗದ ಪ್ರಶ್ನೆ. ತಟ್ಟೆಯು ನಿಮಿಷಕ್ಕೆ ೭೮ ಸುತ್ತು ತಿರುಗಬೇಕೆಂಬ ನಿಯಮವು ೧೯೨೫ರ ಸುಮಾರಿಗೆ ವಿದ್ಯುನ್ಮುದ್ರಣ ಬಂದ ಮೇಲೆ ನೆಲೆಗೊಂಡಿತು; ಅದಕ್ಕೆ ಮೊದಲು ವೇಗವು ಒಂದೇ ಸಮನಾಗಿರಲಿಲ್ಲ. ೭೪ ಸುತ್ತಿನಲ್ಲಿ ಮುದ್ರಿತವಾದುದನ್ನು ೭೮ರಲ್ಲಿ ತಿರುಗಿಸಿದರೆ ಶ್ರುತಿಯು ಹೆಚ್ಚುಕಡಮೆ ಅರ್ಧ ಮನೆ ಏರುತ್ತದೆ. ಮೂರು ಕಾಲು ನಿಮಿಷದ ಹಾಡು ಹತ್ತು ಸೆಕೆಂಡುಗಳಷ್ಟು ಕುಗ್ಗುತ್ತದೆ. ಗಾಯಕನ ವಯಸ್ಸು, ಧಾರಣಶಕ್ತಿ, ಲಯದ ನಡೆ ಎಲ್ಲವೂ ಇದರಿಂದ ಅನ್ಯಥಾ ತೋರುತ್ತವೆ. ಅಮೆರಿಕದ ಮೈಲ್ಸ್ ಡೇವಿಸನ 'ಕೈಂಡ್ ಆಫ್ ಬ್ಲೂ' ಎಂಬ ೧೯೫೯ರ ಪ್ರಸಿದ್ಧ ಮುದ್ರಿಕೆಗೂ ಈ ದೋಷ ತಟ್ಟಿದ್ದಿತು. ಮೊದಲ ದಿನ ಮುದ್ರಿಸಿದ ಯಂತ್ರವು ತುಸು ನಿಧಾನವಾಗಿ ಓಡಿದ್ದುದರಿಂದ ಮೊದಲ ಮಗ್ಗುಲಿನ ಮೂರು ರಚನೆಗಳು ಏರಿದ ಶ್ರುತಿಯಲ್ಲಿಯೇ ಮೂವತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ಕೇಳಿಬಂದವು. ಅಂದು ಜೊತೆಯಲ್ಲಿಯೇ ಓಡಿದ್ದ ಎರಡನೆಯ ಯಂತ್ರದ ಸುರುಳಿಯ ಆಧಾರದಿಂದ ೧೯೯೦ರ ದಶಕದಲ್ಲಿ ಈ ತಪ್ಪು ಪರಿಹಾರವಾಯಿತು. ಹೊಸ ಓಲೆಪ್ರತಿಯೊಂದು ದೊರೆತು ಅಪಪಾಠವು ಶುದ್ಧವಾದಂತೆ ಇದು.

ಸಾಕ್ಷ್ಯವಿದ್ದರೆ ತಿದ್ದುವುದು ಸಂಪಾದಕನ ಧರ್ಮ. ಸಾಕ್ಷ್ಯವಿಲ್ಲದೆ ಊಹೆಯಿಂದ ತಿದ್ದುವುದು ಅಪಾಯ. ಶ್ರೀಮತಿ ಗಂಗೂಬಾಯಿ ಹಾನಗಲ್ಲರ ಉದಾಹರಣೆಯನ್ನು ಇಲ್ಲಿ ವಿಚಾರಿಸಬೇಕು. ೧೯೩೦ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಿಂದ ಹೊರಬಂದ ಅವರ ಮೊದಲ ಮುದ್ರಿಕೆಗಳಲ್ಲಿ ಕೇಳಿಬರುವುದು ತೆಳುವಾದ, ಏರುದನಿಯ ಕೋಮಲಕಂಠ. ಮುಂದೆ ಗಂಟಲಿನ ವ್ಯಾಧಿ, ಅದಕ್ಕಾದ ಚಿಕಿತ್ಸೆಗಳ ಬಳಿಕ ಆ ದನಿ ಇಳಿದು ಗಂಭೀರವಾಯಿತು. ನಾಡು ಬಲ್ಲುದು ಆ ಗಂಭೀರಕಂಠವನ್ನೇ. ಅದನ್ನು ಮಾತ್ರ ಕೇಳಿಬಲ್ಲ ಸಂಪಾದಕನು ಮೊದಲಿನ ತಟ್ಟೆಯನ್ನು ಕೇಳಿ, ವೇಗ ಹೆಚ್ಚಾಗಿದೆಯೆಂದು ಭ್ರಮಿಸಿ, ಅದನ್ನು ಕುಗ್ಗಿಸಲು ಕೈಹಾಕಬಹುದು. ಅಪರಿಚಿತವಾದ ಹಳಗನ್ನಡದ ರೂಪವನ್ನು ಲಿಪಿಕಾರನು ತಾನರಿತ ಸುಲಭರೂಪಕ್ಕೆ ತಿದ್ದುವುದು ಹೀಗೆಯೇ. ಕ್ಲಿಷ್ಟಪಾಠವನ್ನು ಅವಸರದಿಂದ ತಳ್ಳಿಹಾಕಬಾರದೆಂದು ಗ್ರಂಥಸಂಪಾದನಶಾಸ್ತ್ರವು ವಿಧಿಸುವುದಕ್ಕೆ ಕಾರಣವೂ ಇದೇ. ಹಾಗೆ ತಿದ್ದಿದರೆ ನಷ್ಟವಾಗುವುದು ಕೆಲವು ಸ್ವರಗಳು ಮಾತ್ರವಲ್ಲ. ಒಂದು ಕಂಠವನ್ನು ಕಳೆದುಕೊಂಡು, ಉಳಿದುದರಿಂದಲೇ ಇನ್ನೊಂದು ಗಾಯನವನ್ನು ಕಟ್ಟಿಕೊಂಡ ಕಲಾವಿದೆಯ ಸಾಧನೆಯು ಎಷ್ಟು ದೊಡ್ಡದೆಂಬುದಕ್ಕೆ ಉಳಿದಿರುವ ಸಾಕ್ಷಿಯೇ ಅಳಿಸಿಹೋಗುತ್ತದೆ.

ಪಂಡಿತ ಮಲ್ಲಿಕಾರ್ಜುನ ಮನ್ಸೂರರ ಮುದ್ರಿಕೆಗಳಲ್ಲಿ ದಿನಾಂಕದ ಮಹತ್ತ್ವವು ಸ್ಪಷ್ಟವಾಗುತ್ತದೆ. ಅವರು ಮೊದಲು ಗ್ವಾಲಿಯರ್ ಪದ್ಧತಿಯ ನೀಲಕಂಠಬುವಾ ಮಿರಜಕರರ ಶಿಷ್ಯರು. ೧೯೩೫ರ ಸುಮಾರಿಗೆ ಮಂಜೀಖಾನರ ಬಳಿಗೆ ಹೋದರು. ೧೯೩೭ರಲ್ಲಿ ಅವರು ತೀರಿಕೊಳ್ಳಲು ಅವರ ಸೋದರ ಬುರ್ಜೀಖಾನರಲ್ಲಿ ಅಭ್ಯಾಸವನ್ನು ಮುಂದುವರಿಸಿದರು. ಈ ಸಂಧಿಕಾಲದ ಹಿಂದಣ ಮುಂದಣ ಮುದ್ರಿಕೆಗಳನ್ನು ಕಾಲನಿರ್ದೇಶವಿಲ್ಲದೆ ಒಂದೇ ಸಂಪುಟದಲ್ಲಿ ಬೆರಸಿದರೆ ಕೇಳುಗನಿಗೆ ಹಾಡುಗಳು ದೊರೆಯುತ್ತವೆ. ಒಂದು ಗಾಯನಶೈಲಿಯು ಇನ್ನೊಂದಾಗಿ ಮಾರ್ಪಟ್ಟ ಬಗೆ ಮಾತ್ರ ದೊರೆಯುವುದಿಲ್ಲ.

ಇನ್ನು ಬೈಠಕುಗಳ ಮುದ್ರಿಕೆಯನ್ನು ಕುರಿತು. ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡವು ೧೯೮೪ರಲ್ಲಿ ತನ್ನ ಕಚೇರಿಗಳಲ್ಲಿ ಮುದ್ರಿಸಿಕೊಳ್ಳುವ ಅಭಿಮಾನಿಗಳಿಗೆಂದೇ ಪ್ರತ್ಯೇಕ ಸ್ಥಳವನ್ನು ಗೊತ್ತುಮಾಡಿತು. ನಮ್ಮಲ್ಲಿಯೂ ಮನೆಯ ಬೈಠಕುಗಳ ಸುರುಳಿಗಳು ರಸಿಕರ ಕೈಯಿಂದ ಕೈಗೆ ಸಾಗಿ ಬಂದಿವೆ. ಇವುಗಳಲ್ಲಿ ಸ್ಥಳ, ಕಾಲ, ಸಂಗಡಿಗರ ಸುಳಿವು ಉಳಿದಿರುತ್ತದೆ. ಕೇಳುಗರ ಉದ್ಗಾರವೂ ತಂಬೂರಿಯನ್ನು ಮತ್ತೆ ಶ್ರುತಿಗೂಡಿಸುವ ಸದ್ದೂ ಅದರಲ್ಲಿ ಸೇರಿದುವು. ಅವನ್ನು ಕಸವೆಂದು ಗುಡಿಸುವವನು ಚಾರ್ಲಿ ಪಾರ್ಕರನ ಅಭಿಮಾನಿಯಾದ ಡೀನ್ ಬೆನೆಡೆಟ್ಟಿಯ ನೆನಪು ತಂದುಕೊಳ್ಳುವುದು ಒಳ್ಳೆಯದು. ಆತನು ೧೯೪೭-೪೮ರಲ್ಲಿ ಪಾರ್ಕರನ ವಾದನವನ್ನು ಅಪಾರ ಶ್ರದ್ಧೆಯಿಂದ ಮುದ್ರಿಸಿದನು. ಆದರೆ ಬಹುಮಟ್ಟಿಗೆ ಪಾರ್ಕರನ ಸರದಿ ಮುಗಿದೊಡನೆ ಯಂತ್ರವನ್ನು ನಿಲ್ಲಿಸಿಬಿಡುತ್ತಿದ್ದನು. ೧೯೯೦ರಲ್ಲಿ ಅವು ಪ್ರಕಟವಾದಾಗ ಲೋಕಕ್ಕೆ ದೊರೆತುದು ಅದ್ಭುತವಾದ ಉತ್ತರಗಳ ರಾಶಿ. ಆ ಉತ್ತರಗಳನ್ನು ಪ್ರೇರಿಸಿದ ಜೊತೆಗಾರರ ಪ್ರಶ್ನೆಗಳು ಬಹುಪಾಲು ಕಳೆದುಹೋಗಿದ್ದವು. ಭಕ್ತಿಯೊಂದರಿಂದಲೇ ಸಂಪಾದನಕಾರ್ಯ ಸಾಗದೆಂಬುದಕ್ಕೆ ಇದು ನಿದರ್ಶನ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಸಾಮಾನ್ಯ ಕೇಳುಗನಿಗೆ ಬೇಕಾದುದು ಇಂಪು. ತಟ್ಟೆಯ ಗೊರಗೊರ ಸದ್ದನ್ನು ಉಳಿಸಿ, ಸುತ್ತಿನ ಲೆಕ್ಕವನ್ನು ಬರೆದಿಟ್ಟರೆ ಅವನಿಗೇನು ಲಾಭ? ಪಾಂಡಿತ್ಯಕ್ಕಾಗಿ ರಸವನ್ನು ಬಲಿಗೊಡಬೇಕೆ? ಆಕ್ಷೇಪದಲ್ಲಿ ಸತ್ಯಾಂಶವಿದೆ. ತಟ್ಟೆ ಸವೆದು ಬಂದ ಕರ್ಕಶಶಬ್ದವು ಗಾಯಕನ ಕೃತಿಯಲ್ಲ. ಅದನ್ನು ಹಿತಮಿತವಾಗಿ ತೆಗೆಯುವುದು ನ್ಯಾಯವೇ. ಆದರೆ ಆ ಶಬ್ದವನ್ನು ಪೂರ್ತಿಯಾಗಿ ಅಡಗಿಸಹೊರಟರೆ ಅದರೊಡನೆ ತಂಬೂರಿಯ ಜೀವಾಳವೂ ಗಾಯಕನು ಉಸಿರೆಳೆಯುವ ಸೂಕ್ಷ್ಮವೂ ಸವೆದುಹೋಗುವುದುಂಟು. ಆಗ ಪಾಂಡಿತ್ಯಕ್ಕೂ ಹಾನಿ, ರಸಕ್ಕೂ ಹಾನಿ. ವಿದ್ಯಾರ್ಥಿಗಾಗಿ ಸರಳಪ್ರತಿಯನ್ನೂ ವಿದ್ವಾಂಸನಿಗಾಗಿ ಪಾಠಾಂತರಸಹಿತವಾದ ಪ್ರತಿಯನ್ನೂ ಸಾಹಿತ್ಯಲೋಕವು ಬೇರೆಬೇರೆಯಾಗಿ ಹೊರಡಿಸುವಂತೆ ಇಲ್ಲಿಯೂ ಮಾಡಬಹುದಾಗಿದೆ. ಏನು ತಿದ್ದಲಾಗಿದೆಯೆಂದು ತಿಳಿಸದೆ ತಿದ್ದುವುದೊಂದನ್ನು ಮಾತ್ರ ಕ್ಷಮಿಸಲಾಗದು.

ಆದುದರಿಂದ ಪುನಃಪ್ರಕಟನೆಯನ್ನು ವಿಮರ್ಶಿಸುವವರು ಇಂಪನ್ನು ತೂಗುವುದರೊಡನೆ ಇಷ್ಟನ್ನಾದರೂ ಕೇಳಬೇಕು: ಮೂಲತಟ್ಟೆಯ ಸಂಖ್ಯೆ ಯಾವುದು, ಮುದ್ರಣದ ಕಾಲ ಸ್ಥಳಗಳು ಯಾವುವು, ಪಕ್ಕವಾದ್ಯದವರು ಯಾರು, ಯಾವ ವೇಗವನ್ನು ಯಾವ ಆಧಾರದಿಂದ ನಿರ್ಧರಿಸಲಾಯಿತು, ಏನನ್ನು ತೆಗೆಯಲಾಯಿತು. ಪುನಃಪ್ರಕಟನೆಯಾಯಿತೆಂದು ಮೂಲವನ್ನು ಬಿಸುಡಲೂ ಬಾರದು. ೧೯೬೦ರ ದಶಕದಲ್ಲಿ ಬೀಟಲ್ಸ್ ತಂಡದ ಹಾಡುಗಳು ಭಾರತದಲ್ಲಿ ೭೮ ಸುತ್ತಿನ ತಟ್ಟೆಗಳಾಗಿಯೂ ಹೊರಬಂದಿದ್ದವು. ಇತರ ದೇಶಗಳ ರಾಕ್ ಸಂಗ್ರಾಹಕರು ಅವನ್ನು ಇಂದಿಗೂ ಅರಸುತ್ತಾರೆ. ಗಂಗೂಬಾಯಿ, ಮನ್ಸೂರರ ತಟ್ಟೆಗಳನ್ನು ಅದೇ ಶ್ರದ್ಧೆಯಿಂದ ಅರಸಿ ರಕ್ಷಿಸುವ ಕಾರ್ಯ ಈ ನಾಡಿನವರದು. ಕಾಲ, ಸ್ಥಳ, ಸಂಗಡಿಗರು ಎಂಬ ಮೂರನ್ನು ಯಂತ್ರವು ಹಿಂದಿರುಗಿಸಲಾರದು. ಆದರೆ ಆ ಹಾಡು ಎಂದು, ಎಲ್ಲಿ, ಯಾರ ನಡುವೆ ಹುಟ್ಟಿತೆಂಬುದನ್ನು ಸಂಪಾದಕನು ಬರೆದಿಡಬಲ್ಲನು. ಅಷ್ಟನ್ನು ಬರೆದಿಟ್ಟ ಪುನಃಪ್ರಕಟನೆಯು ಮುದ್ರಿಕೆಯ ಪಕ್ಷದವರಿಗೂ ಬೈಠಕಿನ ಪಕ್ಷದವರಿಗೂ ಸಮಾನವಾಗಿ ಪ್ರಮಾಣವಾಗುವುದು.